ಪತ್ತನಾಜೆಯೊಳಗೆ ಎಣ್ಣೆ ಬದಲಾಗಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹಳೆ ಕಾರು ಹಾಳಾಗುವುದು ಓಡಿ ಓಡಿ ಅಲ್ಲ, ನಿಂತು ನಿಂತು. ಜೂನ್ ಮೊದಲ ವಾರ ಹಿಡಿದ ಮಳೆ ನವರಾತ್ರಿಯವರೆಗೂ ಪೂರ್ತಿ ಬಿಡುವುದಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಘಟ್ಟದ ಬುಡಕ್ಕೆ ಹೋದಷ್ಟೂ ಲೆಕ್ಕ ಏರುತ್ತದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮಣ್ಣಿನ ನೆಲದ ಶೆಡ್ಡಿನಲ್ಲಿ ಅಜ್ಜನ ಕಾಲದ ಅಂಬಾಸಿಡರ್ ನಾಲ್ಕು ತಿಂಗಳು ಮಿಸುಕದೆ ನಿಲ್ಲುತ್ತದೆ. ಹೊರಗಿನ ಪೇಂಟಿಗೆ ಹೊದಿಕೆ ಹಾಕುತ್ತೇವೆ, ಸೀಟಿಗೆ ಬೂಸ್ಟು ಬಾರದಂತೆ ಕಿಟಕಿಯ ಗಾಜು ಸ್ವಲ್ಪ ಇಳಿಸಿಡುತ್ತೇವೆ. ಒಳಗೆ, ಎಂಜಿನ್ನಿನ ಚೇಂಬರಿನಲ್ಲಿ ಕೂತ ನಾಲ್ಕು ಲೀಟರ್ ಕಪ್ಪು ಎಣ್ಣೆ ಆ ನಾಲ್ಕು ತಿಂಗಳು ಏನು ಮಾಡುತ್ತಿರುತ್ತದೆ ಎಂದು ಯೋಚಿಸುವವರು ಕಡಿಮೆ. ಹಳೆ ಕಾರಿಗೆ ಯಾವ ಆಯಿಲ್ ಒಳ್ಳೆಯದು ಎಂಬ ಪ್ರಶ್ನೆಗೆ ನಮ್ಮ ಊರಿನ ಮಟ್ಟಿಗೆ ಉತ್ತರ ಶುರುವಾಗಬೇಕಾದದ್ದು ಅಲ್ಲಿಂದ ಎಂದು ನನ್ನ ನಂಬಿಕೆ.

ಈ ಕಡೆ ಹಳೆ ಕಾರುಗಳ ಹುಚ್ಚಿಗೆ ಕೊರತೆಯಿಲ್ಲ. ಅದರ ದೊಡ್ಡ ಸಾಕ್ಷಿ ಬೆಳ್ತಂಗಡಿ ತಾಲೂಕಿನಲ್ಲೇ ಇದೆ. 1968ರಲ್ಲಿ ಧರ್ಮಸ್ಥಳದ ಪಟ್ಟಕ್ಕೆ ಬಂದ ಡಾ. ವೀರೇಂದ್ರ ಹೆಗ್ಗಡೆಯವರು ಆಸ್ಥೆಯಿಂದ ಕೂಡಿಸಿದ ವಿಂಟೇಜ್ ಕಾರುಗಳ ಸಂಗ್ರಹಾಲಯವನ್ನು ಕ್ಷೇತ್ರಕ್ಕೆ ಹೋದವರು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಆ ಒಲವಿನ ಮುಂದುವರಿಕೆಯಾಗಿ ಶ್ರೀರಂಗಪಟ್ಟಣದ ಬಳಿ ಮೈಸೂರು ಹೆದ್ದಾರಿಯಲ್ಲಿ ‘ಪಯಣ’ ಎಂಬ ಇನ್ನೊಂದು ಸಂಗ್ರಹಾಲಯವೂ ಎದ್ದಿದೆ. ಆದರೆ ನಾನು ಬರೆಯುತ್ತಿರುವುದು ಗಾಜಿನಾಚೆ ನಿಂತ ಕಾರುಗಳಿಗಿಂತ ಹೆಚ್ಚಾಗಿ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿರುವವುಗಳ ಬಗ್ಗೆ: ಗುತ್ತಿನ ಮನೆಯ ಅಂಗಳದ ಮಾರಿಸ್ ಮೈನರ್, ಪೇಟೆಯ ಡಾಕ್ಟರರು ಬಿಡದೆ ಇಟ್ಟುಕೊಂಡ ಫಿಯೆಟ್ 1100, ಅಡಿಕೆ ತೋಟದ ದಾರಿಗೆಂದೇ ಹುಟ್ಟಿದಂತಿರುವ ಮಹೀಂದ್ರ ಜೀಪು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಸ್ವಂತ ಬಳಕೆಯ ವಾಹನಗಳಿಗೆ ‘ವಿಎ’ ಸರಣಿಯ ನಂಬರು ಕೊಡುವ ವ್ಯವಸ್ಥೆ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5,000. ಆ ನಂಬರು ಹಾಕಿಕೊಂಡ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗೆ ಇಳಿಸಬೇಕು. ಅಂದರೆ ಕಾನೂನೂ ಈಗ ಹಳೆ ಕಾರನ್ನು ಇನ್ನಷ್ಟು ಹೊತ್ತು ನಿಲ್ಲಿಸಿಯೇ ಇಡುತ್ತದೆ.

ಡಬ್ಬಿಯ ಮೇಲಿನ ಅಂಕಿಗಳನ್ನು ಮೊದಲು ಬಿಡಿಸಿಕೊಳ್ಳೋಣ. ಎಣ್ಣೆಯ ದಪ್ಪಕ್ಕೆ ನಂಬರು ಕೊಡುವ ಪದ್ಧತಿಯನ್ನು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ 1911ರಲ್ಲಿ ತಂದಿತು. ಅದೇ ಎಸ್‌ಎಇ. 30, 40, 50 ಎಂಬವು ಎಣ್ಣೆ ನೂರು ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪಗಿರುತ್ತದೆ ಎಂಬುದರ ದರ್ಜೆಗಳು. ‘20ಡಬ್ಲ್ಯೂ-50’ ಎಂದಾಗ ಮೊದಲ ಅಂಕಿ ಚಳಿಯಲ್ಲಿನ ನಡತೆಯನ್ನು ಹೇಳುತ್ತದೆ. ಆ ಚಳಿಯಾದರೂ ಎಂಥದು? 20ಡಬ್ಲ್ಯೂ ಎಣ್ಣೆ ಪಂಪಿನ ತನಕ ಹರಿದು ಬರುತ್ತದೆಯೇ ಎಂದು ನೋಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬೆಳ್ತಂಗಡಿಯಲ್ಲಿ ಧನುರ್ಮಾಸದ ಬೆಳಗ್ಗೆಯೂ ಇಪ್ಪತ್ತರ ಆಸುಪಾಸು ಸೆಕೆ ಇರುವಾಗ 0ಡಬ್ಲ್ಯೂ, 5ಡಬ್ಲ್ಯೂ ಎಂದು ಹೆಚ್ಚು ದುಡ್ಡು ಕೊಟ್ಟು ತರುವುದರಲ್ಲಿ ಹಳೆ ಎಂಜಿನ್ನಿಗೆ ಲಾಭವಿಲ್ಲ. ಡಬ್ಲ್ಯೂಗೆ ಮುಂಚಿನ ಅಂಕಿಯನ್ನು ಮರೆತು ಅದರ ಮುಂದಿನ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು.

ಹಾಗೆಂದು ಬರೀ 50 ನಂಬರಿನ ಒಂಟಿ ದರ್ಜೆಯ ಎಣ್ಣೆ ಸಾಕೆನ್ನುವ ಹಳಬರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಣ್ಣಗಿರುವಾಗ ಅದು 20ಡಬ್ಲ್ಯೂ-50ಕ್ಕಿಂತ ಮಂದ. ಎಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ನಡೆಯುವುದೇ ಸ್ಟಾರ್ಟ್ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ, ಎಣ್ಣೆ ಮೇಲಿನ ರಾಕರುಗಳ ತನಕ ಏರುವ ಮೊದಲು. ವಾರಗಟ್ಟಲೆ ನಿಂತ ಕಾರಿನಲ್ಲಿ ಮೇಲಿನ ಭಾಗದ ಎಣ್ಣೆಯೆಲ್ಲ ಇಳಿದುಹೋಗಿರುತ್ತದೆ. ಆಗ ಬೇಗ ಏರುವ ಎಣ್ಣೆಗೆ ಬೆಲೆ ಇದೆ.

ಅಂಬಾಸಿಡರನ್ನೇ ತೆಗೆದುಕೊಳ್ಳಿ. ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರಿಂದ ಹುಟ್ಟಿದ ಆ ಕಾರಿಗೆ ಮೊದಲು ಸೈಡ್ ವಾಲ್ವಿನ ಎಂಜಿನ್ ಇತ್ತು. ಆಮೇಲೆ ಬಿಎಂಸಿಯ ಬಿ-ಸೀರೀಸ್, 1489 ಸಿಸಿಯದ್ದು, ಬಂತು. ಉತ್ತರಪಾರದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸುವವರೆಗೆ ಈ ದೇಶದ ಗ್ಯಾರೇಜುಗಳು ಕೈಯಳತೆಯಲ್ಲೇ ಬಲ್ಲ ಎಂಜಿನ್ ಎಂದರೆ ಅದು. ಅದರ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಬಿಟ್ಟಿರುವ ಸಂದು ಇಂದಿನ ಕಾರುಗಳದ್ದಕ್ಕಿಂತ ದೊಡ್ಡದು. ಅರ್ಧ ಶತಮಾನ ಸವೆದ ಮೇಲೆ ಇನ್ನೂ ದೊಡ್ಡದಾಗಿರುತ್ತದೆ. ಆ ಸಂದಿನಲ್ಲಿ ನಿಂತು ಭಾರ ಹೊರುವ ಎಣ್ಣೆಯ ಪದರ ತೆಳುವಾದರೆ ಲೋಹಕ್ಕೆ ಲೋಹ ತಾಗುತ್ತದೆ. ಎಸ್‌ಎಇ ಕಟ್ಟಳೆಯಲ್ಲಿ 150 ಡಿಗ್ರಿ ಬಿಸಿಯಲ್ಲಿ, ಜೋರಾಗಿ ಅರೆಯುತ್ತಿರುವಾಗಿನ ದಪ್ಪಕ್ಕೂ ಒಂದು ಕನಿಷ್ಠ ಮಿತಿ ಇದೆ: 0ಡಬ್ಲ್ಯೂ-20ಕ್ಕೆ 2.6, 20ಡಬ್ಲ್ಯೂ-50ಕ್ಕೆ 3.7. ಹೊಸ ಮಾರುತಿಗೆ ಹಾಕಿ ಉಳಿದ ತೆಳು ಎಣ್ಣೆಯನ್ನು ದಂಡವಾಗಬಾರದೆಂದು ಅಂಬಾಸಿಡರಿಗೆ ಸುರಿಯಬಾರದು ಎನ್ನುವುದಕ್ಕೆ ಈ ಎರಡು ಅಂಕಿ ಸಾಕು.

ಹಾಗಾದರೆ 20ಡಬ್ಲ್ಯೂ-40 ಬೇಕೋ, 20ಡಬ್ಲ್ಯೂ-50 ಬೇಕೋ? ಅದನ್ನು ಹೇಳಬೇಕಾದದ್ದು ಎಂಜಿನ್ನು, ಅಂಗಡಿಯವನಲ್ಲ. ಬಂಟ್ವಾಳದ ಬಿ.ಸಿ. ರೋಡಿನಿಂದ ಹೊರಟು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಉಜಿರೆಯ ತನಕ ಒಂದೇ ಸಮನೆ ಓಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು ಆಯಿಲ್ ಪ್ರೆಶರ್ ಗೇಜ್ ನೋಡಿ. ಬಿ-ಸೀರೀಸ್ ಎಂಜಿನ್ ಓಡುವಾಗ ಚದರ ಇಂಚಿಗೆ 50 ಪೌಂಡಿನ ಸುತ್ತಮುತ್ತ, ಐಡ್ಲಿಂಗಿನಲ್ಲಿ 15ರ ಸುತ್ತಮುತ್ತ ತೋರಿಸಿದರೆ ಅದರ ಆರೋಗ್ಯಕ್ಕೆ ದೋಷವಿಲ್ಲ, 20ಡಬ್ಲ್ಯೂ-40ರಲ್ಲೇ ಇರಲಿ. ಇತ್ತೀಚೆಗೆ ಬೋರಿಗೆ ಕೊಟ್ಟು ಹೊಸ ಬೇರಿಂಗ್ ಹಾಕಿಸಿದ್ದರಂತೂ 50ಕ್ಕೆ ಹೋಗುವ ಅವಸರ ಬೇಡ. ಮುಳ್ಳು ಕೆಳಗೆ ಬೀಳುತ್ತಿದ್ದರೆ, ಕ್ರ್ಯಾಂಕಿನ ಹಿಂದಿನ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ 20ಡಬ್ಲ್ಯೂ-50 ಸ್ವಲ್ಪ ಕಾಲ ಕೈಹಿಡಿಯುತ್ತದೆ. ಅದರಾಚೆಗಿನದು ಎಣ್ಣೆಯ ಕೆಲಸವಲ್ಲ, ಎಂಜಿನ್ ಇಳಿಸುವ ಕೆಲಸ. ದಪ್ಪ ಎಣ್ಣೆಯನ್ನು ನಂಬಿ ಸವೆದ ಬೇರಿಂಗನ್ನು ವರ್ಷಗಟ್ಟಲೆ ತಳ್ಳಿದ ಕಾರುಗಳ ಕ್ರ್ಯಾಂಕುಗಳು ಕೊನೆಗೆ ತಿರುಗಿಸಿ ಸರಿಪಡಿಸಲಾಗದ ಸ್ಥಿತಿಗೆ ಬಂದಿರುತ್ತವೆ. ದೀಪ ಮಾತ್ರ ಇರುವ ಕಾರಾದರೆ ಒಂದು ಗೇಜ್ ಹಾಕಿಸಿಕೊಳ್ಳಿ. ದೀಪ ಉರಿಯುವ ಹೊತ್ತಿಗೆ ತಡವಾಗಿರುತ್ತದೆ.

ಪರೀಕ್ಷೆಗೆ ಚಾರ್ಮಾಡಿಗಿಂತ ಒಳ್ಳೆಯ ಜಾಗ ಇಲ್ಲ. ಎರಡನೇ ಗೇರಿನಲ್ಲಿ ತಿರುವು ತಿರುವಾಗಿ ಏರುವಾಗ ರೇಡಿಯೇಟರಿನ ನೀರಿಗಿಂತ ಚೇಂಬರಿನ ಎಣ್ಣೆ ಹೆಚ್ಚು ಕಾಯುತ್ತದೆ. ಹಳೆ ಕಾರಿನಲ್ಲಿ ಎಣ್ಣೆಯ ಬಿಸಿ ತೋರಿಸುವ ಮಾಪಕ ಇರುವುದೇ ಇಲ್ಲ. ಮಲಯಮಾರುತದ ಹತ್ತಿರ ನಿಲ್ಲಿಸಿದಾಗ ಪ್ರೆಶರ್ ಎಷ್ಟು ಕೆಳಗೆ ಬಂದಿದೆ ಎಂಬುದು ಎಣ್ಣೆಯ ಬಗ್ಗೆ ಡಬ್ಬಿಯ ಲೇಬಲ್ಲಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ಡಬ್ಬಿಯ ಮೇಲೆ ಬರುವ ಎರಡು ಅಕ್ಷರಗಳ ವಿಚಾರ. ಎಸ್‌ಎಫ್, ಎಸ್‌ಎಲ್, ಎಸ್‌ಎನ್, ಎಸ್‌ಪಿ ಎಂದು ಬರೆದಿರುತ್ತಾರಲ್ಲ, ಅದು ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ ಕೊಡುವ ಗುಣಮಟ್ಟದ ದರ್ಜೆ. ಎಸ್‌ಎ ಎಂದರೆ ಯಾವ ಸೇರಿಕೆಯೂ ಇಲ್ಲದ ಬರಿ ಎಣ್ಣೆ. 1930ರ ನಂತರದ ಎಂಜಿನ್‌ಗಳಿಗೆ ಅದು ಬೇಡ ಎಂದು ಸಂಸ್ಥೆಯೇ ಹೇಳುತ್ತದೆ. ಎಸ್‌ಬಿಯನ್ನು 1951ರ ನಂತರದ ಹೆಚ್ಚಿನ ಎಂಜಿನ್‌ಗಳಿಗೆ ಬಳಸಬಾರದು. 2020ರಲ್ಲಿ ಬಂದದ್ದು ಎಸ್‌ಪಿ. ಹೊಸ ಅಕ್ಷರ ಬಂದಂತೆ ಎಣ್ಣೆ ಉತ್ತಮವಾಗುತ್ತದೆ ಎಂಬುದು ಹೊಸ ಕಾರಿನ ಮಟ್ಟಿಗೆ ನಿಜ. ಹಳೆ ಕಾರಿನ ಮಟ್ಟಿಗೆ ಒಂದು ತೊಡಕಿದೆ. ಅದರ ಹೆಸರು ಜಡ್‌ಡಿಡಿಪಿ.

ಸತು, ರಂಜಕ, ಗಂಧಕ ಸೇರಿದ ಈ ರಾಸಾಯನಿಕ 1940ರ ದಶಕದಲ್ಲಿ ಎಣ್ಣೆಗೆ ಬಂದಾಗ ಅದರ ಕೆಲಸ ಬೇರಿಂಗಿಗೆ ತುಕ್ಕು ತಾಗದಂತೆ, ಎಣ್ಣೆ ಕೆಡದಂತೆ ನೋಡಿಕೊಳ್ಳುವುದು. ಲೋಹ ಸವೆಯದಂತೆ ಅದು ಕಾಯುತ್ತದೆ ಎಂದು ಆಮೇಲೆ ಚೆನ್ನಾಗಿ ತಿಳಿಯಿತು. ಕ್ಯಾಮಿನ ಮೂಗು ಟ್ಯಾಪೆಟ್ಟಿನ ಚಪ್ಪಟೆ ಮುಖದ ಮೇಲೆ ಉಜ್ಜಿಕೊಂಡು ಹೋಗುವಾಗ, ಆ ಬಿಸಿ ಮತ್ತು ಒತ್ತಡದಲ್ಲಿ ಜಡ್‌ಡಿಡಿಪಿ ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಕ್ಯಾಮ್ ಉಳಿಯುತ್ತದೆ. ಅಂಬಾಸಿಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ಜೀಪಿನ ಹರಿಕೇನ್ ಎಂಜಿನ್, ಎಲ್ಲದರಲ್ಲೂ ಇರುವುದು ಈ ಉಜ್ಜುವ ಟ್ಯಾಪೆಟ್ಟೇ. ಇಂದಿನ ಹಲವು ಎಂಜಿನ್‌ಗಳಲ್ಲಿ ಅಲ್ಲಿ ಉರುಳುವ ರೋಲರ್ ಇರುತ್ತದೆ. ಜತೆಗೆ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ರಂಜಕ ವಿಷ. ಹಾಗಾಗಿ ತೆಳು ದರ್ಜೆಯ ಪೆಟ್ರೋಲ್ ಎಣ್ಣೆಗಳಲ್ಲಿ ರಂಜಕವನ್ನು ಹಂತಹಂತವಾಗಿ ಇಳಿಸಿ, ಈಗ ಶೇ. 0.06ರಿಂದ 0.08ರ ನಡುವೆ ಕಟ್ಟಿಹಾಕಿದ್ದಾರೆ. ಕನ್ವರ್ಟರ್ ಇಲ್ಲದ ನಮ್ಮ ಹಳೆ ಕಾರಿಗೆ ಈ ಮಿತವ್ಯಯದಿಂದ ಉಪಕಾರವಿಲ್ಲ.

ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಆ ಮಿತಿ ತೆಳು ದರ್ಜೆಗಳಿಗೆ ಮಾತ್ರ. 15ಡಬ್ಲ್ಯೂ-40, 20ಡಬ್ಲ್ಯೂ-50ರಂಥ ದಪ್ಪ ದರ್ಜೆಗಳಿಗೆ ಇಲ್ಲ. ಲಾರಿ, ಟ್ರ್ಯಾಕ್ಟರುಗಳಿಗೆ ಮಾರುವ ಸಿಐ-4 ದರ್ಜೆಯ ಡೀಸೆಲ್ ಎಂಜಿನ್ ಎಣ್ಣೆಯಲ್ಲೂ ರಂಜಕ ಸಾಮಾನ್ಯವಾಗಿ ಶೇ. 0.12ರ ಆಸುಪಾಸು ಇರುತ್ತದೆ. ಅದು ಮಡಂತ್ಯಾರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲೂ ಸಿಗುವ ಮಾಲು. ಅಂಬಾಸಿಡರಿಗೆ, ಜೀಪಿಗೆ ಅದನ್ನು ಹಾಕುವ ನಮ್ಮ ಮೆಕ್ಯಾನಿಕ್‌ಗಳ ರೂಢಿಯನ್ನು ಅಗ್ಗದ ದಾರಿ ಎಂದು ಕಡೆಗಣಿಸುವವರಿದ್ದಾರೆ. ರಸಾಯನಶಾಸ್ತ್ರ ಮೆಕ್ಯಾನಿಕ್‌ಗಳ ಪಕ್ಷದಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದಾಗ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ ಊರಿನ ಗ್ಯಾರೇಜು ಪರಂಪರೆ ಇದು, ಹಗುರವಾಗಿ ನೋಡಬಾರದು. ಸತು ಒಳ್ಳೆಯದೆಂದು ಪ್ರತ್ಯೇಕ ಬಾಟಲಿ ತರಿಸಿ ಮತ್ತಷ್ಟು ಸುರಿಯುವುದು ಮಾತ್ರ ಬೇಡ. ಎಣ್ಣೆಯಲ್ಲಿ ರಂಜಕ ಶೇ. 0.14 ದಾಟಿದರೆ ಅದೇ ರಾಸಾಯನಿಕ ಕ್ಯಾಮಿಗೆ ಕಾಲಾಂತರದಲ್ಲಿ ಕೇಡು ಮಾಡಬಲ್ಲದು.

ಯುದ್ಧಕ್ಕಿಂತ ಹಿಂದಿನ ಕಾರುಗಳದ್ದು ಬೇರೆಯೇ ಲೋಕ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಆಯಿಲ್ ಪಂಪ್ ಇಲ್ಲ, ಫಿಲ್ಟರ್ ಇಲ್ಲ, ಡಿಪ್‌ಸ್ಟಿಕ್ಕೂ ಇಲ್ಲ. ಚೇಂಬರಿಗೆ ಹಾಕಿದ ಎರಡು ಪುಟ್ಟ ನಲ್ಲಿಗಳೇ ಅಳತೆ. ಮೇಲಿನದರಿಂದ ಎಣ್ಣೆ ಬಂದರೆ ಹೆಚ್ಚಾಗಿದೆ, ಕೆಳಗಿನದರಿಂದ ಬಾರದಿದ್ದರೆ ಕಡಿಮೆಯಾಗಿದೆ. ತಿರುಗುವ ಭಾಗಗಳೇ ಎಣ್ಣೆಯನ್ನು ಮೇಲಕ್ಕೆ ಎರಚುತ್ತವೆ. ಇಂಥ ಎಂಜಿನ್ನಿಗೆ 50 ನಂಬರಿನ ದಪ್ಪ ಎಣ್ಣೆ ಹಾಕುವುದು ಗೌರವವಲ್ಲ, ಅನ್ಯಾಯ. ಎರಚಿದ್ದು ಸಿಲಿಂಡರ್ ಗೋಡೆಯ ತನಕ ತಲುಪಬೇಕು, ಪೈಪಿನಲ್ಲಿ ಹರಿಯಬೇಕು. ಅವಕ್ಕೆ 30ರ ದರ್ಜೆಯೇ ಹೆಚ್ಚು ಹಿತ.

ಇವುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಂದಿನ ಎಣ್ಣೆಯಲ್ಲಿ ಡಿಟರ್ಜೆಂಟ್ ಇರುತ್ತದೆ. ಮಸಿಯನ್ನೂ ಕೆಸರನ್ನೂ ತನ್ನೊಳಗೆ ತೇಲಿಸಿಕೊಂಡು ಫಿಲ್ಟರಿನ ತನಕ ಒಯ್ಯುವುದು ಅದರ ಉದ್ಯೋಗ. ಫಿಲ್ಟರೇ ಇಲ್ಲದ ಎಂಜಿನ್ನಿನಲ್ಲಿ ಆ ಕೊಳೆ ಸುತ್ತುತ್ತಲೇ ಇರುತ್ತದೆ. ಅಂದಿನ ಬರಿ ಎಣ್ಣೆಯಲ್ಲಾದರೆ ಅದು ತಳಕ್ಕೆ ಕೂತುಬಿಡುತ್ತಿತ್ತು. ದಶಕಗಳಿಂದ ಚೇಂಬರಿನಲ್ಲಿ ಗಟ್ಟಿಯಾಗಿ ಕೂತ ಕೆಸರಿರುವ ಕಾರಿಗೆ ಏಕಾಏಕಿ ಡಿಟರ್ಜೆಂಟ್ ಎಣ್ಣೆ ಹಾಕಿದರೆ, ಸಡಿಲಗೊಂಡ ಗಸಿ ಎಣ್ಣೆಯ ದಾರಿಗಳನ್ನೇ ಮುಚ್ಚಬಹುದು. ಆದ್ದರಿಂದ ಕೊಂಡು ತಂದ ಹಳೆ ಕಾರಿನ ಇತಿಹಾಸ ತಿಳಿಯದಿದ್ದರೆ ಎಣ್ಣೆ ಯಾವುದು ಎಂದು ಕೇಳುವ ಮೊದಲು ಚೇಂಬರನ್ನು ಬಿಚ್ಚಿ, ತೊಳೆದು, ಪಂಪಿನ ಜರಡಿ ನೋಡಬೇಕು. ಹಾಗೆ ಶುಚಿಯಾದ ಎಂಜಿನ್ನಿಗೆ ಡಿಟರ್ಜೆಂಟ್ ಎಣ್ಣೆಯಿಂದ ಭಯವಿಲ್ಲ. ಫಿಲ್ಟರ್ ಇಲ್ಲದಿದ್ದರೆ ಬದಲಿಸುವ ಅಂತರ ಕಡಿಮೆ ಮಾಡಿದರಾಯಿತು.

ಹರಳೆಣ್ಣೆಯ ಮಾತೂ ಆಗಾಗ ಬರುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳು ಓಡಿದ್ದು ಹರಳೆಣ್ಣೆಯಲ್ಲೇ, ಏಕೆಂದರೆ ಪೆಟ್ರೋಲಿನಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ರೇಸ್ ಕಾರುಗಳಲ್ಲೂ ಬಹುಕಾಲ ಬಳಸಿದರು. ಆದರೆ ಅದು ಕಾಯುತ್ತಾ ಕಾಯುತ್ತಾ ಗೋಂದಿನಂತೆ ಅಂಟುತ್ತದೆ, ಖನಿಜ ತೈಲದೊಂದಿಗೆ ಬೆರೆಯುವುದಿಲ್ಲ. ರೇಸ್ ಮುಗಿದೊಡನೆ ತೆಗೆದು ತೊಳೆಯುವವರಿಗೆ ಸರಿ, ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಸಲ್ಲದು.

ಈಗ ಮಳೆಗಾಲಕ್ಕೆ ಬರೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಯೊಂದಿಗೆ ಹೋಗುತ್ತದೆ. ಸವೆದ ರಿಂಗುಗಳ ಪಕ್ಕದಿಂದ ಸ್ವಲ್ಪ ಕೆಳಗೆ ಚೇಂಬರಿಗೂ ಇಳಿಯುತ್ತದೆ, ಜತೆಗೆ ಆಮ್ಲವನ್ನೂ ಮಸಿಯನ್ನೂ ಕರೆದುಕೊಂಡು. ಎಂಜಿನ್ ಅರ್ಧ ಗಂಟೆ ಚೆನ್ನಾಗಿ ಓಡಿದರೆ ಆ ನೀರು ಆವಿಯಾಗಿ ಹೊರಬೀಳುತ್ತದೆ. ವಾರಕ್ಕೊಮ್ಮೆ ಬ್ಯಾಟರಿ ಸಾಯದಿರಲಿ ಎಂದು ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಕಾರಿಗೆ ಅದಕ್ಕಿಂತ ದೊಡ್ಡ ಅಪಕಾರ ಇನ್ನೊಂದಿಲ್ಲ. ನೀರು ಸೇರುತ್ತದೆ, ಎಣ್ಣೆ ಕಾಯುವುದೇ ಇಲ್ಲ. ಆಟಿಯ ತಿಂಗಳಲ್ಲಿ ಆಯಿಲ್ ಕ್ಯಾಪ್ ತೆರೆದರೆ ಅದರ ಒಳಮೈಗೆ ಮಾಸಲು ಬಿಳಿಯ ಜಿಡ್ಡು ಅಂಟಿಕೊಂಡಿರುವುದು ಕಾಣುತ್ತದೆ. ಅದು ನೀರು ಕಡೆದ ಎಣ್ಣೆ. ಓಡಿಸುವುದಾದರೆ ಬೆಳ್ತಂಗಡಿಯಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗಿ ಬರುವಷ್ಟು ಓಡಿಸಿ. ಆಗದಿದ್ದರೆ ಬ್ಯಾಟರಿ ಕಳಚಿಟ್ಟು ಕಾರನ್ನು ಅದರ ಪಾಡಿಗೆ ಬಿಡಿ.

ಬಿಡುವ ಮೊದಲು ಎಣ್ಣೆ ಬದಲಾಗಿರಬೇಕು. ಹೆಚ್ಚಿನವರು ಮಳೆಗಾಲ ಕಳೆದು, ದೀಪಾವಳಿಗೆ ಕಾರು ಹೊರತೆಗೆಯುವಾಗ ಆಯಿಲ್ ಚೇಂಜ್ ಮಾಡಿಸುತ್ತಾರೆ. ಅಂದರೆ ಆಮ್ಲ ತುಂಬಿದ ಹಳೆ ಎಣ್ಣೆ ನಾಲ್ಕು ತಿಂಗಳು ಬೇರಿಂಗುಗಳನ್ನು ನೆಕ್ಕುತ್ತಾ ಕೂತ ಮೇಲೆ ಅದನ್ನು ಚೆಲ್ಲಿದಂತಾಯಿತು. ನಮ್ಮಲ್ಲಿ ಇದಕ್ಕೊಂದು ದಿನ ಗೊತ್ತಾಗಿಯೇ ಇದೆ: ಪತ್ತನಾಜೆ, ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಚೀಚೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ವೇಷಭೂಷಣ ಒಪ್ಪವಾಗಿಟ್ಟು ಪೆಟ್ಟಿಗೆ ಮುಚ್ಚುವಂತೆ ಕಾರಿನ ಕೆಲಸವನ್ನೂ ಮುಗಿಸಿ ಇಡಬೇಕು. ಎಂಜಿನ್ ಬಿಸಿ ಇರುವಾಗಲೇ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ತುಂಬಿ, ಅದು ಎಲ್ಲ ಸಂದಿಗೂ ತಲುಪುವಷ್ಟು ಓಡಿಸಿ ನಿಲ್ಲಿಸಬೇಕು. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು, ಎಂಜಿನ್ನನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿದರೆ ರಿಂಗು ಕಚ್ಚಿಕೊಳ್ಳುವುದಿಲ್ಲ. ಡೀಸೆಲ್ ಎಂಜಿನ್ನಿನ ಎಣ್ಣೆಗೆ ಇಲ್ಲಿಯೂ ಒಂದು ಅನುಕೂಲ: ಆಮ್ಲವನ್ನು ತಟಸ್ಥಗೊಳಿಸುವ ಕ್ಷಾರದ ಅಂಶ ಅದರಲ್ಲಿ ಸಾಮಾನ್ಯವಾಗಿ ಹೆಚ್ಚು. ಕಿಲೋಮೀಟರ್ ಲೆಕ್ಕ ಇಡಬೇಡಿ. ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಹೀಗೆ ಪ್ರತಿವರ್ಷ ಚೆಲ್ಲುವ ಎಣ್ಣೆಗೆ ಸಿಂಥೆಟಿಕ್ಕಿನ ಬೆಲೆ ತೆರುವುದು ನನಗೆ ಸರಿ ಕಾಣುವುದಿಲ್ಲ. ಹಗ್ಗದ ಸೀಲುಗಳಿರುವ ಎಂಜಿನ್ನಿನಲ್ಲಿ ಅದು ಸೋರುವ ಸಾಧ್ಯತೆಯೂ ಹೆಚ್ಚು.

ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಯುತ್ತಿರುವ ಈ ದಿನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಯಾಂತ್ರಿಕ ಪೆಟ್ರೋಲ್ ಪಂಪಿನ ಡಯಾಫ್ರಮ್ ತೂತಾದರೆ ಪೆಟ್ರೋಲ್ ನೇರವಾಗಿ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿಪಡಬೇಡಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬಾರದು. ಎಣ್ಣೆ ಯಾವ ದರ್ಜೆಯದ್ದಾದರೂ ಆಗ ಅದರಲ್ಲಿ ಸತ್ವ ಉಳಿದಿರುವುದಿಲ್ಲ.

ಗೇರ್ ಬಾಕ್ಸಿನ ಬಗ್ಗೆ ಇಷ್ಟೇ: ಹಿತ್ತಾಳೆ, ಕಂಚಿನ ಭಾಗಗಳಿರುವ ಹಳೆ ಗೇರ್ ಬಾಕ್ಸಿಗೆ ಜಿಎಲ್-5 ಎಂದು ಬರೆದ ಎಣ್ಣೆ ಹಾಕಿಸಬೇಡಿ, ಜಿಎಲ್-4 ಕೇಳಿ. ಬ್ರ್ಯಾಂಡಿನ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಹೆಸರುವಾಸಿ ಕಂಪನಿಗಳ ಒಂದೇ ದರ್ಜೆಯ ಎಣ್ಣೆಗಳ ನಡುವಿನ ವ್ಯತ್ಯಾಸಕ್ಕಿಂತ ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ದೊಡ್ಡದು. ಖಾಲಿ ಡಬ್ಬಿಗಳನ್ನು ಗುಜರಿಗೆ ಹಾಕುವ ಮೊದಲು ಮುಚ್ಚಳ ಒಡೆದು, ತಳಕ್ಕೆ ತೂತು ಕೊರೆದುಬಿಡಿ.

ಇಳಿಸಿದ ಕಪ್ಪೆಣ್ಣೆಯ ಗತಿ ಏನು? ಒರಲೆ ಹಿಡಿಯದಿರಲೆಂದು ಬೇಲಿಯ ಕಂಬಕ್ಕೆ, ಪಕ್ಕಾಸಿಗೆ ಬಳಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈಗ ಅದನ್ನು ಬಿಡಬೇಕು. ಸುಟ್ಟ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿರುತ್ತವೆ, ಬೇರಿಂಗಿನಿಂದ ಸವೆದು ಬಂದ ಲೋಹ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಹೋಗಬೇಕಾದದ್ದು ಪರವಾನಗಿ ಪಡೆದ ಮರುಬಳಕೆದಾರರ ಕೈಗೆ ಮಾತ್ರ. ಮನೆಯಲ್ಲೇ ಎಣ್ಣೆ ಬದಲಿಸುವವರು ಕ್ಯಾನಿಗೆ ತುಂಬಿ, ನೀರು ಬೆರೆಸದೆ, ಎಣ್ಣೆ ಕೂಡಿಟ್ಟು ಕೊಡುವ ದೊಡ್ಡ ಗ್ಯಾರೇಜಿಗೆ ಒಪ್ಪಿಸಬೇಕು. ಅಂಗಳದ ಮೂಲೆಗೆ ಸುರಿದದ್ದು ಮೊದಲ ಮಳೆಗೆ ತೋಡಿಗೆ ಇಳಿಯುತ್ತದೆ. ಬೆಳ್ತಂಗಡಿಯ ತೋಡುಗಳು ನೇತ್ರಾವತಿಗೆ ಸೇರುತ್ತವೆ, ನೇತ್ರಾವತಿ ಬಂಟ್ವಾಳದ ಬದಿಯಿಂದ ತುಂಬೆಯ ಅಣೆಕಟ್ಟಿಗೆ ಬರುತ್ತದೆ. ಮಂಗಳೂರು ನಗರ ಕುಡಿಯುವುದು ಅಲ್ಲಿಂದ ಎತ್ತಿದ ನೀರನ್ನು.